ಪೆಟ್ಟಿಗೆ ಬಂತು, ಲೆಕ್ಕ ಬರಲಿಲ್ಲ

‘ನಿಮ್ಮ ಪಾಠಗಳೆಲ್ಲ ಸ್ಕಾರ್ಮ್ ತಾನೆ? ಹಳೆಯದರಲ್ಲಿ ಎಕ್ಸ್‌ಪೋರ್ಟ್, ಹೊಸದರಲ್ಲಿ ಇಂಪೋರ್ಟ್. ಮುಗೀತು.’ ಎಲ್‌ಎಂಎಸ್ ಎಂಬ ಕಲಿಕಾ ನಿರ್ವಹಣಾ ತಂತ್ರಾಂಶ ಮಾರಲು ಬಂದವರ ಈ ಮಾತು ನಂಬಿ, ಒಂದು ಸಂಸ್ಥೆಯ ತರಬೇತಿ ಕೋರ್ಸ್‌ಗಳನ್ನು ಸಾಗಿಸಲು ಕೂತೆ. ‘ಮುಗೀತು’ ಅನ್ನಲು ತಿಂಗಳುಗಳೇ ಹಿಡಿದವು.

ಸ್ಕಾರ್ಮ್‌ನ ಹೆಚ್ಚುಗಾರಿಕೆಯನ್ನು ಮೊದಲು ಒಪ್ಪಿಕೊಳ್ಳೋಣ. ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಯೋಜನೆಯಿಂದ 2000ನೇ ಇಸವಿಯಲ್ಲಿ ಹೊರಬಂದ, ಆನ್‌ಲೈನ್ ಪಾಠಗಳ ಮಾನದಂಡ ಇದು. 2001ರ 1.2 ಆವೃತ್ತಿ ಇವತ್ತಿಗೂ ಓಡುತ್ತಿದೆ. ಒಂದು ಜಿಪ್ ಫೈಲು, ಒಳಗೆ ಏನೇನಿದೆ, ಯಾವುದರಿಂದ ಶುರು ಎಂದು ಹೇಳುವ ಒಂದು ಮ್ಯಾನಿಫೆಸ್ಟು: ಕಟ್ಟುವ ಪದ್ಧತಿ ಇಷ್ಟೇ. ಸಾಫ್ಟ್‌ವೇರ್ ಲೋಕದಲ್ಲಿ ಇಷ್ಟು ಕಾಲ ಬಾಳಿದ್ದೇ ದೊಡ್ಡದು.

ಆದರೆ ಪೆಟ್ಟಿಗೆ ತಲುಪಿತೆಂದರೆ ಒಳಗಿನ ಸಾಮಾನು ನೆಟ್ಟಗಿದೆ ಎಂದಲ್ಲ. ಹಳೆಯ ಫ್ಲ್ಯಾಶ್ ಪಾಠಗಳು ಹಸಿರು ಟಿಕ್ ಸಮೇತ ಅಪ್‌ಲೋಡ್ ಆದವು; ತೆರೆದರೆ ಬರೀ ಬಿಳಿ ಪರದೆ. 2020ರ ಕೊನೆಗೇ ಅಡೋಬಿ ಫ್ಲ್ಯಾಶ್ ಅನ್ನು ಕೈಬಿಟ್ಟಿತ್ತು. ಅಪ್‌ಲೋಡ್ ಮಾಡಿಸಿಕೊಳ್ಳುವ ವ್ಯವಸ್ಥೆಗೆ ಅದರ ಗೊಡವೆಯಿಲ್ಲ. ಕನ್ನಡದ ಪ್ರಶ್ನೆಗಳದು ಬೇರೆಯೇ ಪಾಡು. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪಾಗಿದ್ದವು, ಆ ಫಾಂಟಿಲ್ಲದ ಹೊಸ ಪರದೆಯಲ್ಲಿ ಕೊಂಬು-ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಸಾಲಾಗಿ ನಿಂತವು. ಪರಿವರ್ತಕಕ್ಕೆ ಹಾಕಿದರೆ ಮುಕ್ಕಾಲುಪಾಲು ಸರಿಯಾಯಿತು. ‘ಕಾರ್ಯ’ದ ಅರ್ಕಾವತ್ತು ಮಾತ್ರ ಎಲ್ಲೋ ಜಾರಿ ಕೂತಿತ್ತು. ಯಾವ ಪ್ರಶ್ನೆ ಕೆಟ್ಟಿದೆ ಎಂದು ತಿಳಿಯಲು ಎಲ್ಲವನ್ನೂ ಓದಲೇಬೇಕು. ಬೇಸರದ ಬೇರು ಇಲ್ಲಿದೆ: ಕೆಲಸ ಕಷ್ಟದ್ದಲ್ಲ, ಆದರೆ ಒಂದನ್ನೂ ಬಿಡುವಂತಿಲ್ಲ.

ಇವೆಲ್ಲ ಕಾಲದ ಸವೆತ ಎನ್ನಬಹುದು. ಸ್ಕಾರ್ಮ್‌ನ ನಿಜವಾದ ಕೊರತೆ ಬೇರೆ. ಪಾಠ ಮತ್ತು ಎಲ್‌ಎಂಎಸ್ ಪರಸ್ಪರ ಹೇಗೆ ಮಾತಾಡಬೇಕೆಂದು ಅದು ಹೇಳುತ್ತದೆ. ಆಡಿದ ಮಾತನ್ನು ಎಲ್‌ಎಂಎಸ್ ಹೇಗೆ ಬರೆದಿಡಬೇಕು, ಗಿರಾಕಿ ಹೊರಟಾಗ ಹೇಗೆ ಒಪ್ಪಿಸಬೇಕು ಎಂದು ಹೇಳುವುದಿಲ್ಲ. 1.2ರಲ್ಲಿ ‘ಪಾಸಾದ’, ‘ಮುಗಿಸಿದ’ ಎರಡಕ್ಕೂ ಇರುವುದು ಒಂದೇ ಖಾನೆ. 2004ರ ಆವೃತ್ತಿಯಲ್ಲಿ ಅದು ಎರಡಾಯಿತು. ಹಳೆಯ ಒಂದನ್ನು ಹೊಸ ಎರಡಕ್ಕೆ ಹಂಚುವ ತೀರ್ಪು ಎಕ್ಸೆಲ್ ಹಾಳೆಯ ಮುಂದೆ ಕೂತವನ ತಲೆಗೆ. ಬಿಟ್ಟಲ್ಲಿಂದ ಮುಂದುವರಿಯಲು ಬೇಕಾದ ಗುರುತಿಗೆ 1.2 ಕೊಡುವ ಜಾಗ 4096 ಅಕ್ಷರ. ಹಳೆಯ ವ್ಯವಸ್ಥೆ ಮಿತಿ ಮೀರಿದರೂ ಸುಮ್ಮನಿತ್ತು, ಹೊಸದು ಕಟ್ಟುನಿಟ್ಟು. ಉದ್ದದ ಪಾಠ ಪ್ರತಿಸಲವೂ ಮೊದಲ ಪುಟಕ್ಕೇ ತಂದು ನಿಲ್ಲಿಸುತ್ತಿತ್ತು. 2013ರ ಎಕ್ಸ್‌ಎಪಿಐ ಎಂಬ ಹೊಸ ಮಾನದಂಡ ಕಲಿಕೆಯ ದಾಖಲೆಗಳಿಗೆಂದೇ ಬೇರೆ ಕಣಜ ಕಟ್ಟಿಕೊಟ್ಟಿತು, ನಿಜ. ಹಳೆಯ ಕಾಳು ತಾನಾಗಿ ನಡೆದು ಅದರೊಳಗೆ ಹೋಗುವುದಿಲ್ಲ.

ಹೊಸ ವ್ಯವಸ್ಥೆ ಶುರುವಾದ ವಾರ, ಬೆಂಕಿ ಸುರಕ್ಷತೆಯ ಕೋರ್ಸ್ ಮತ್ತೆ ಮಾಡಬೇಕೆಂಬ ನೆನಪೋಲೆ ಬಂದ ನೌಕರರೊಬ್ಬರು ಕೇಳಿದರು: ‘ಹೋದ ವರ್ಷವೇ ಪಾಸಾಗಿದ್ದೆನಲ್ಲ ಸಾರ್?’ ಪಾಸಾಗಿದ್ದರು. ಅವರ ಪಾಠ ಒಂದು ಅಕ್ಷರವೂ ಮುಕ್ಕಾಗದೆ ಬಂದಿತ್ತು. ಅವರು ಅದನ್ನು ಕಲಿತದ್ದು ಬಂದಿರಲಿಲ್ಲ. ಎಲ್‌ಎಂಎಸ್ ಕೊಳ್ಳುವವರು ಒಳಬರುವ ಬಾಗಿಲನ್ನಷ್ಟೇ ನೋಡಿದರೆ ಸಾಲದು. ಬಿಟ್ಟುಹೋಗುವ ದಿನ ನಮ್ಮವರ ಲೆಕ್ಕ ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂಬುದು ಕರಾರಿನಲ್ಲೇ ಇರಬೇಕು. ಇಲ್ಲವಾದರೆ ಆ ನೌಕರರಂತೆ ಎಲ್ಲರೂ ಬೆಂಕಿ ಆರಿಸುವುದನ್ನು ಮತ್ತೆ ಮೊದಲಿಂದ ಕಲಿಯುತ್ತಾರೆ.