ಮೊದಲು ಬುಡ ನೋಡಿ

ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮಜ್ಜಿ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುತ್ತಿದ್ದಳು. ಠಣ್ ಅಂದರೆ ಚೆನ್ನಾಗಿ ಬೆಂದಿದೆ. ಬೊದ್ ಅಂದರೆ ಎಲ್ಲೋ ಬಿರುಕಿದೆ, ಇಲ್ಲವೇ ಬೆಂಕಿ ಸಾಲದೆ ಹೋಗಿದೆ. ಬೆಲೆಯ ಮಾತು ಆಮೇಲೆ. ಹೊಸ ಕಲಾವಿದರ ಕುಂಬಾರಿಕೆ ಪ್ರದರ್ಶನಕ್ಕೆ ಬಂದವರು ಗೋಡೆಗೆ ಅಂಟಿಸಿದ ಉದ್ದನೆಯ ಬರಹವನ್ನು ಓದಿ, ಮಡಕೆಯತ್ತ ಒಮ್ಮೆ ಕಣ್ಣು ಹಾಯಿಸಿ ಮುಂದೆ ಹೋಗುವುದನ್ನು ಕಂಡಾಗಲೆಲ್ಲ ನನಗೆ ಆ ಗೆಣ್ಣು ನೆನಪಾಗುತ್ತದೆ.

ನಮ್ಮ ಸಾಹಿತ್ಯಕ್ಕೂ ಈ ಸದ್ದು ಗೊತ್ತು. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆಯನ್ನೇ ವಾದ್ಯ ಮಾಡಿಕೊಂಡು ಬಾರಿಸುತ್ತಾ ಕುಣಿಯುತ್ತಾನೆ, ಶಿವನೇ ಇಳಿದು ಬಂದು ಅವನ ಜೊತೆ ಕುಣಿಯುತ್ತಾನೆ. ಹರಿಹರನ ಶಿವ ಒಳ್ಳೆಯ ರಸಿಕ. ಅವನಿಗೆ ಗೋಡೆಬರಹ ಬೇಕಾಗಲಿಲ್ಲ.

'ಮುಟ್ಟಬೇಡಿ' ಎಂಬ ಫಲಕ ಇದ್ದರೂ ಕಲಾವಿದರು ಅಲ್ಲೇ ಇದ್ದರೆ ಕೇಳಿ ನೋಡಿ. ಬಹಳ ಸಲ ಕೊಡುತ್ತಾರೆ, ಖುಷಿಯಿಂದಲೇ ಕೊಡುತ್ತಾರೆ. ಕೈಗೆ ಬಂದ ಕೂಡಲೇ ಹೊಳಪು, ಬಣ್ಣ ಎಂದು ಮೈಮರೆಯದೆ ಮಡಕೆಯನ್ನು ಬೋರಲು ಮಾಡಿ ಬುಡ ನೋಡಿ. ತಿರುಗುವ ತಿಗರಿಯಿಂದ ದಾರದಲ್ಲಿ ಕೊಯ್ದು ತೆಗೆದಿದ್ದರೆ ಅಲ್ಲಿ ಶಂಖದ ಸುರುಳಿಯಂಥ ಗೆರೆಗಳಿರುತ್ತವೆ. ಆರಿದ ಮೇಲೆ ಮತ್ತೆ ತಿಗರಿಗೆ ಬೋರಲು ಹಾಕಿ ಹೆರೆದಿದ್ದರೆ ಬಳೆಯಂಥ ಪಾದ ಎದ್ದಿರುತ್ತದೆ. ನಮ್ಮ ಹಳ್ಳಿಯ ಅಡುಗೆ ಮಡಕೆಗೆ ಇವೆರಡೂ ಇಲ್ಲ. ಕುಂಬಾರ ಅದನ್ನು ತಿಗರಿಯ ಮೇಲೆ ದಪ್ಪಗೆ ಎತ್ತಿ, ಸ್ವಲ್ಪ ಬಿಗಿಯಾದ ಮೇಲೆ ಒಳಗೆ ಕಲ್ಲಿನ ಗುಂಡು ಹಿಡಿದು ಹೊರಗೆ ಹಲಗೆಯಿಂದ ತಟ್ಟಿ ತಟ್ಟಿ ಬುಡವನ್ನು ಉಬ್ಬಿಸುತ್ತಾನೆ. ಉರಿ ಆ ಗುಂಡಗಿನ ಬುಡಕ್ಕೆ ಸಮನಾಗಿ ತಾಗುತ್ತದೆ, ಬಿರುಕು ಬಿಡಲು ಮೂಲೆಯೇ ಸಿಗುವುದಿಲ್ಲ. ಒಲೆಯ ಮೂರು ಗುಂಡುಗಳ ಮೇಲೆ ಅದು ಭದ್ರ. ನೆಲಕ್ಕಿಳಿಸಿದರೆ ಮಾತ್ರ ಸಿಂಬಿ ಬೇಕು. ಚಪ್ಪಟೆ ಬುಡ ಮೇಜಿಗೆ ಹೇಳಿಮಾಡಿಸಿದ್ದು. ಹೀಗಾಗಿ ಕಲಾವಿದೆಯ ಮನಸ್ಸಿನಲ್ಲಿ ಇದ್ದದ್ದು ಒಲೆಯೋ ಮೇಜೋ ಗ್ಯಾಲರಿಯ ಪೀಠವೋ ಎಂಬುದನ್ನು ಬುಡವೇ ಹೇಳಿಬಿಡುತ್ತದೆ.

ತೂಕವನ್ನೂ ಗಮನಿಸಿ. ಕಣ್ಣು ಅಂದಾಜು ಮಾಡಿದ್ದಕ್ಕಿಂತ ಕೈಗೆ ಹಗುರ ಬಂದರೆ ಗೋಡೆ ತೆಳುವಾಗಿ ಎದ್ದಿದೆ ಎಂದರ್ಥ. ಅಂಚಿನ ಮೇಲೆ ಬೆರಳಾಡಿಸಿದರೆ ತುಟಿಗೆ ಹಿತವೋ ಅಲ್ಲವೋ ತಿಳಿಯುತ್ತದೆ.

ಇನ್ನು ಬೆಂಕಿ. ಇದು ಗೊತ್ತಾಗಲು ಸ್ವಲ್ಪ ಇತಿಹಾಸ ಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಒಳಗೂ ಬಾಯಂಚೂ ಕಪ್ಪು, ಹೊರಮೈ ಕೆಂಪು ಇರುವ ಮಡಕೆಗಳು ಸಿಕ್ಕವು. ಆ ಎರಡು ಬಣ್ಣ ಯಾರೂ ಬಳಿದದ್ದಲ್ಲ. ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಗಾಳಿ ಸಿಕ್ಕರೆ ಕೆಂಪಾಗುತ್ತದೆ, ಗಾಳಿ ಕಟ್ಟಿ ಹೊಗೆ ಕೂಡಿಸಿದರೆ ಕಪ್ಪು. ಮಡಕೆಯನ್ನು ಬೋರಲು ಹಾಕಿ, ಬಾಯನ್ನು ಹೊಟ್ಟಿನಲ್ಲಿ ಹುದುಗಿಸಿ ಸುಟ್ಟರೆ ಒಂದೇ ಸುಡುವಿಕೆಯಲ್ಲಿ ಎರಡೂ ಬಣ್ಣ ಬರುತ್ತವೆ. ಬೆಂಕಿಯ ಇದೇ ಗುಣವನ್ನು ನೈರೋಬಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಮ್ಯಾಗ್ಡಲೀನ್ ಒಡುಂಡೊ ಅವರ ಹೂಜಿಗಳಲ್ಲೂ ಕಾಣಬಹುದು. ಅವರು ತಿಗರಿ ಮುಟ್ಟದೆ, ಮಣ್ಣಿನ ಹುರಿ ಸುತ್ತಿ ಕೈಯಲ್ಲೇ ಎತ್ತಿ, ತಿಕ್ಕಿ ತಿಕ್ಕಿ ನುಣುಪು ಮಾಡುತ್ತಾರೆ. ಒಮ್ಮೆ ಸುಟ್ಟಾಗ ಕೇಸರಿಗೆಂಪು ಬರುತ್ತದೆ, ಗಾಳಿ ಕಟ್ಟಿ ಮತ್ತೆ ಸುಟ್ಟಾಗ ಕಪ್ಪಾಗುತ್ತದೆ. ನಮ್ಮಲ್ಲಿ ಹಲವು ಕಡೆ ಹೆಂಗಸರು ತಿಗರಿ ಮುಟ್ಟಬಾರದೆಂಬ ಕಟ್ಟಳೆ ಇತ್ತು. ಇವತ್ತು ತಿಗರಿಯ ಮುಂದೆ ಕೂರುವ ಹುಡುಗಿಯ ಕೆಲಸ ನೋಡುವಾಗ ಅದೂ ನೆನಪಿರಲಿ.

ಹೊಸಬರ ಕೆಲಸದಲ್ಲಿ ಇತಿಹಾಸ ಹೇಗೆ ಬಂದಿದೆ ಎಂದು ಅಳೆಯಲು ನನ್ನದೊಂದು ಒರೆಗಲ್ಲು ಇದೆ. ಆಕಾರವನ್ನಷ್ಟೇ ತಂದಿದ್ದಾರೋ, ಅದರ ಕಷ್ಟವನ್ನೂ ತಂದಿದ್ದಾರೋ? ಒಂದು ಕಡೆ ಬ್ರಹ್ಮಗಿರಿಯ ಬಟ್ಟಲುಗಳದೇ ಆಕಾರ, ಆದರೆ ಕಪ್ಪೆಲ್ಲ ಡಬ್ಬಿಯ ಬಣ್ಣ. ಬುಡ ತಿರುವಿದಾಗ ಕುಂಚದ ಎಳೆ ಕಂಡಿತು. ಇನ್ನೊಂದು ಕಡೆ ಒಬ್ಬ ಹುಡುಗಿ ನಿಜವಾಗಿಯೂ ಹೊಟ್ಟಿನಲ್ಲಿ ಹುದುಗಿಸಿ ಸುಟ್ಟಿದ್ದಳು. ಅರ್ಧಕ್ಕರ್ಧ ಕೆಟ್ಟಿದ್ದವು. ಕಪ್ಪು ಎಲ್ಲೆಲ್ಲೋ ಹರಿದು ಮೋಡದಂತೆ ಕೂತಿತ್ತು. ಕೆಟ್ಟವನ್ನೂ ಸಾಲಾಗಿ ಇಟ್ಟಿದ್ದಳು. ನಾನು ಹೆಚ್ಚು ಹೊತ್ತು ನಿಂತದ್ದು ಆ ಸಾಲಿನ ಮುಂದೆ.

ಸಮುದಾಯದ ಜೊತೆ ಸೇರಿ ಮಾಡುವ ಕಲೆಯ ಬಗ್ಗೆ ನನಗೆ ತುಸು ಗುಮಾನಿ ಇದೆ. ಎಷ್ಟೋ ಸಲ ಬಡಾವಣೆಯ ಮಕ್ಕಳು ಫೋಟೋದಲ್ಲಿರುತ್ತಾರೆ, ಕೆಲಸದಲ್ಲಿ ಇರುವುದಿಲ್ಲ. ಇದನ್ನು ತಿಳಿಯಲು ಹೆಬ್ಬೆರಳ ಗುರುತು ಹುಡುಕಿ. ಆ ಹುಡುಗಿ ತನ್ನ ಬೀದಿಯವರಿಂದ ಹಿತ್ತಿಲ ಮಣ್ಣು ತರಿಸಿ, ನೀರಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಿ, ಅವರವರು ಚಿವುಟಿ ಮಾಡಿದ ಲೋಟಗಳಿಗೆ ಬಳಿಸಿದ್ದಳು. ಎಲ್ಲವೂ ಒಂದೇ ಗೂಡಿನಲ್ಲಿ ಬೆಂದರೂ ಒಂದು ಇಟ್ಟಿಗೆಗೆಂಪು, ಒಂದು ಗೋಧಿಬಣ್ಣ, ಒಂದಕ್ಕೆ ಮಚ್ಚೆ. ದೊಡ್ಡವರ ಹೆಬ್ಬೆರಳು ಆಳಕ್ಕೆ ಇಳಿದಿತ್ತು, ಮಕ್ಕಳದು ಗುಬ್ಬಿ ಕುಕ್ಕಿದಂತೆ. ಮಾಡಿದವರ ಹೆಸರು ಬುಡದಲ್ಲಿ, ಅವರವರ ಅಕ್ಷರದಲ್ಲೇ ಗೀಚಿತ್ತು.

ಬೆಂಗಳೂರಿನವರಾದರೆ ಗೌರಿ ಹಬ್ಬಕ್ಕೆ ಮೊದಲು ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿಗೆ ಹೋಗಿ ಬನ್ನಿ. ಗಣಪತಿಗಳ ನಡುವೆ ಹಣತೆ, ಹೂಕುಂಡ, ಹೂಜಿ ಎಲ್ಲ ಇರುತ್ತವೆ. ಅಲ್ಲಿ ಮುಟ್ಟಲು ಯಾರನ್ನೂ ಕೇಳಬೇಕಿಲ್ಲ. ಹತ್ತು ಹೂಜಿ ಬಡಿದು ನೋಡಿದರೆ ಹನ್ನೊಂದನೆಯದರ ಸದ್ದನ್ನು ನೀವೇ ಊಹಿಸುತ್ತೀರಿ.

ಆ ಹುಡುಗಿಯ ಕೆಟ್ಟ ಸಾಲಿನಿಂದ ನಾನೊಂದು ಬಟ್ಟಲು ಕೊಂಡೆ. ಮನೆಗೆ ತಂದು ಗೆಣ್ಣಿನಿಂದ ಬಡಿದೆ. ಬೊದ್ ಅಂದಿತು. ಅಜ್ಜಿಯಾಗಿದ್ದರೆ ವಾಪಸ್ ಕೊಟ್ಟು ಬಾ ಅನ್ನುತ್ತಿದ್ದಳು. ಈಗ ಅದರಲ್ಲಿ ಪೆನ್ನುಗಳಿವೆ.