ಭದ್ರಾವತಿಯ ಪುನಶ್ಚೇತನ, ಮಾಸ್ತಿಕಟ್ಟೆಯಿಂದ ನೋಡಿದಾಗ

ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನ ಈಚಿನ ಚರಿತ್ರೆಯನ್ನು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸಬಹುದು. 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ಮಾರಲು ಒಪ್ಪಿಗೆ ಕೊಟ್ಟಿತು. 2019ರಲ್ಲಿ ಕೊಳ್ಳುವವರನ್ನು ಕರೆಯಿತು. ಯಾರೂ ಮನಸ್ಸು ಮಾಡದೆ 2022ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟಿತು. 2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ಮುಚ್ಚುವ ತೀರ್ಮಾನಕ್ಕೆ ಬಂತು, ಕಾರ್ಮಿಕರು ಧರಣಿ ಕೂತರು, ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಚಾಲೂ ಆಯಿತು. 2024ರಲ್ಲಿ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಅವರು ಭದ್ರಾವತಿಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು. ಅದೇ ಊರಿನ ಎಂಪಿಎಂ ಕಾಗದ ಕಾರ್ಖಾನೆಯಲ್ಲಿ 2015ರಲ್ಲೇ ಉತ್ಪಾದನೆ ನಿಂತಿತ್ತು.

ಈ ಪುನಶ್ಚೇತನವನ್ನು ನಮ್ಮ ಸರ್ಕಾರಗಳು, ಪಕ್ಷಗಳು, ಪತ್ರಿಕೆಗಳು ನಡೆಸಿಕೊಂಡು ಬಂದ ರೀತಿ ನನಗೆ ಅರೆಬರೆಯಾಗಿ ಕಾಣುತ್ತದೆ. ಬಂಡವಾಳ ಎಷ್ಟು, ಅದಿರಿನ ಗಣಿ ಎಲ್ಲಿ, ನಡೆಸುವವರು ಖಾಸಗಿಯವರೋ ಸರ್ಕಾರವೋ ಎಂಬುದರ ಆಚೆಗೆ ಚರ್ಚೆ ಹೋಗಿಯೇ ಇಲ್ಲ. ಕಾರ್ಖಾನೆ ನಡೆದರೆ ಊರು ಉಳಿಯಿತು, ನಿಂತರೆ ಊರು ಮುಗಿಯಿತು ಎಂದು ಎಲ್ಲರೂ ನಂಬಿಬಿಟ್ಟಿದ್ದಾರೆ. ಆದರೆ ಭದ್ರಾವತಿಯನ್ನು ಕಟ್ಟಿದ್ದು ಭದ್ರಾವತಿಯೊಂದೇ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡು, ನೀರು, ನೆಲ ಆ ಊರಿನ ಬುನಾದಿಯಲ್ಲಿವೆ. ಅವುಗಳ ಲೆಕ್ಕ ಇಡದ ಯಾವ ಯೋಜನೆಯನ್ನೂ ಪುನಶ್ಚೇತನ ಎಂದು ಒಪ್ಪಲು ನಾನು ಸಿದ್ಧನಿಲ್ಲ.

ಮುಂದೆ ಭದ್ರಾವತಿಯಾದ ಬೆಂಕಿಪುರ ಎಂಬ ಸಣ್ಣ ಊರಿನಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿದ್ದು 1918ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ. ಉತ್ಪಾದನೆ ಶುರುವಾದದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಹಾಗಾಗಿ ಕುಲುಮೆಗೆ ಮಲೆನಾಡಿನ ಮರದ ಇದ್ದಿಲು. ಆ ಕಾಲದ ಎಂಜಿನಿಯರುಗಳ ಒಂದು ಕೆಲಸ ನನಗೆ ಈಗಲೂ ಗೌರವ ಹುಟ್ಟಿಸುತ್ತದೆ. ಮರವನ್ನು ಬಯಲಲ್ಲಿ ರಾಶಿ ಹಾಕಿ ಸುಟ್ಟರೆ ಇದ್ದಿಲಷ್ಟೇ ಸಿಗುತ್ತದೆ, ಹೊಗೆಯೆಲ್ಲ ಗಾಳಿಪಾಲು. ಇಲ್ಲಿ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಟ ಹೊಗೆಯನ್ನು ತಣಿಸಿ ಮರದ ಮದ್ಯಸಾರ, ಅಸಿಟೇಟು, ಟಾರು ತೆಗೆದರು. ಕಾಡಿನಿಂದ ತಂದ ಒಂದು ದಿಮ್ಮಿಯ ಬೆಲೆ ಅವರಿಗೆ ಗೊತ್ತಿತ್ತು. ಆದರೂ ಉರಿದದ್ದು ನಮ್ಮ ಕಾಡು.

1948ರ ಹೊತ್ತಿಗೆ ಜೋಗದ ವಿದ್ಯುತ್ ಬಂತು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಕಾಡಿನ ಮೇಲಿದ್ದ ಭಾರ ಶರಾವತಿಯ ಕಡೆಗೆ ಸರಿಯಿತು. ರಾಜ್ಯದ ಕಾರ್ಖಾನೆಗಳ ಹಸಿವು ಹೆಚ್ಚಿದಂತೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಸಾಗರ, ಹೊಸನಗರದ ಗದ್ದೆ ತೋಟಗಳು ಮುಳುಗಿದವು. ಆಮೇಲೆ ಸರದಿ ನಮ್ಮದು. ಹೊಸನಗರ ತಾಲ್ಲೂಕಿನ ನಮ್ಮ ಮಾಸ್ತಿಕಟ್ಟೆಯ ಸುತ್ತ ಚಕ್ರಾ, ಸಾವೆಹಕ್ಲು, ಮಾಣಿ ಅಣೆಕಟ್ಟುಗಳು ಬಂದವು. ಪಶ್ಚಿಮಕ್ಕೆ ಘಟ್ಟ ಇಳಿದು ಹೋಗಬೇಕಿದ್ದ ಚಕ್ರೆಯ ನೀರನ್ನು ತಿರುಗಿಸಿ ಲಿಂಗನಮಕ್ಕಿಗೆ ಕಳಿಸಿದರು. ಮಾಣಿಯ ನೀರು ಘಟ್ಟದ ಬುಡದ ಹೊಸಂಗಡಿಯಲ್ಲಿ, ನೆಲದೊಳಗಿನ ವಾರಾಹಿ ವಿದ್ಯುದಾಗಾರದಲ್ಲಿ 1989ರಿಂದ ಟರ್ಬೈನು ತಿರುಗಿಸುತ್ತಿದೆ. 2009ರಲ್ಲಿ ಎರಡನೇ ಹಂತವೂ ಸೇರಿ ಅದರ ಸಾಮರ್ಥ್ಯ 460 ಮೆಗಾವ್ಯಾಟ್ ಆಯಿತು.

ಎಂಪಿಎಂ ಕಥೆ ಇನ್ನೂ ಹತ್ತಿರದ್ದು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಈ ಕಾಗದ ಕಾರ್ಖಾನೆ 1980ರ ದಶಕದಲ್ಲಿ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಮಾಡಲು ಹೊರಟಾಗ ಅದಕ್ಕೆ ಬೇಕಾದ ಮರಕ್ಕೆ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟರು. ಗುಡ್ಡ ಗುಡ್ಡವೇ ಅಕೇಶಿಯಾ, ನೀಲಗಿರಿಗೆ ಹೋಯಿತು. ತೀರ್ಥಹಳ್ಳಿ ಹೊಸನಗರದ ಕಡೆ ಎಂಪಿಎಂ ನೆಡುತೋಪಿನೊಳಗೆ ಹೊಕ್ಕು ನೋಡಿ. ಮರಗಳು ಸಾಲು ಹಿಡಿದು ನಿಂತಿವೆ. ಕಾಲ ಕೆಳಗೆ ಚರ್ಮದಂತೆ ಬಿರುಸಾದ, ಕುಡುಗೋಲಿನ ಹಾಗೆ ಬಾಗಿದ ಒಣ ಎಲೆಯ ಹಾಸು. ಮಲೆನಾಡಿನ ಮಳೆಗೂ ಅದು ಬೇಗ ಕರಗುವುದಿಲ್ಲ. ಕೊಟ್ಟಿಗೆಗೆ ಹಾಸಲು ಸೊಪ್ಪಿಲ್ಲ, ಗೊಬ್ಬರವಾಗುವ ದರಗಿಲ್ಲ, ಜೇನಿಗೆ ಪೊಟರೆಯಿಲ್ಲ, ಉಪ್ಪಾಗೆ ಮುರುಗಲು ಇಲ್ಲ. ಅಡಿಕೆ ತೋಟದವನಿಗೆ ಸೊಪ್ಪು, ದರಗು ಕೊಡುವ ಸೊಪ್ಪಿನಬೆಟ್ಟ ಎಂದರೇನು ಎಂದು ಗೊತ್ತಿರುವವರಿಗೆ ಈ ಇಲ್ಲಗಳ ಪಟ್ಟಿ ಎಷ್ಟು ದೊಡ್ಡ ನಷ್ಟ ಎಂಬುದೂ ಗೊತ್ತಿರುತ್ತದೆ.

ಕಾರ್ಖಾನೆ ನಿಂತು ಐದು ವರ್ಷವಾದ ಮೇಲೆ, 2020ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಮರ ಅರೆಯುವ ಯಂತ್ರವೇ ತಿರುಗುತ್ತಿರಲಿಲ್ಲ. ಆದರೂ ಸರ್ಕಾರ ಸುಮಾರು 20 ಸಾವಿರ ಹೆಕ್ಟೇರ್ ಭೂಮಿಯ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಿತು. ಶಿವಮೊಗ್ಗ ಜಿಲ್ಲೆಯಲ್ಲಿ ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂಬ ಹೋರಾಟ ಎದ್ದದ್ದು ಆಗ. ನನ್ನ ದೃಷ್ಟಿಯಲ್ಲಿ ಭದ್ರಾವತಿಯ ಪುನಶ್ಚೇತನದ ಹೆಸರಿನಲ್ಲಿ ನಡೆದ ಕೆಲಸಗಳಲ್ಲೆಲ್ಲ ಇದು ಅತ್ಯಂತ ಕೆಟ್ಟದ್ದು. ಮುಂದೆ ಯಾರೋ ಬಂದು ಕಾರ್ಖಾನೆ ನಡೆಸಬಹುದು ಎಂಬ ಆಸೆಗೆ ಮೂರು ತಾಲ್ಲೂಕಿನ ಗುಡ್ಡಗಳನ್ನು ಒಂದಿಡೀ ತಲೆಮಾರಿನ ಮಟ್ಟಿಗೆ ಒತ್ತೆ ಇಟ್ಟ ಹಾಗಾಯಿತು. ಎಂಪಿಎಂ ಕಾರ್ಮಿಕರ ಪೇಪರ್ ಟೌನಿನಲ್ಲಿ ಕೆಲಸ ಕಳೆದುಕೊಂಡ ಒಂದು ಮನೆಗೂ ಇದರಿಂದ ಒಂದು ತಿಂಗಳ ಸಂಬಳ ಸಿಗಲಿಲ್ಲ.

ಹೊರಗಿನ ಒಂದು ಉದಾಹರಣೆಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಜರ್ಮನಿಯ ರೂರ್ ಪ್ರದೇಶದಲ್ಲಿ ಕಲ್ಲಿದ್ದಲು, ಉಕ್ಕು ಕುಸಿದಾಗ 1989ರಿಂದ 1999ರವರೆಗೆ ಎಮ್ಷರ್ ನದಿಯ ಕಣಿವೆಯನ್ನೇ ಒಂದು ಘಟಕವಾಗಿ ಹಿಡಿದು ಕೆಲಸ ಮಾಡಿದರು. ಡೂಯಿಸ್‌ಬರ್ಗ್‌ನಲ್ಲಿ 1985ರಲ್ಲಿ ನಿಂತ ಕಬ್ಬಿಣದ ಕಾರ್ಖಾನೆಯನ್ನು ಕೆಡವದೆ ಪೀಟರ್ ಲಾಟ್ಸ್ ಎಂಬ ವಿನ್ಯಾಸಕಾರ ಸಾರ್ವಜನಿಕ ಉದ್ಯಾನ ಮಾಡಿದ. ಒಂದು ಶತಮಾನ ತೆರೆದ ಚರಂಡಿಯಾಗಿದ್ದ ಎಮ್ಷರ್ ನದಿಯಿಂದ ಕೊಳಚೆಯನ್ನು ಪೂರ್ತಿ ಬೇರ್ಪಡಿಸಲು 30 ವರ್ಷ ಹಿಡಿಯಿತು. 2021ರ ಕೊನೆಗೆ ಆ ಕೆಲಸ ಮುಗಿಯಿತು. ಇದನ್ನು ಹೊಗಳುವವರು ಒಂದನ್ನು ಮರೆಯಬಾರದು: ಹೋದ ಕೆಲಸಗಳು ಅಲ್ಲಿಯೂ ಪೂರ್ತಿ ಹಿಂದಿರುಗಲಿಲ್ಲ. ಗೆಲ್ಸೆನ್‌ಕಿರ್ಶೆನ್‌ನಂಥ ಊರಿನಲ್ಲಿ ನಿರುದ್ಯೋಗ ಇವತ್ತಿಗೂ ಜರ್ಮನಿಯಲ್ಲೇ ಅತಿ ಹೆಚ್ಚಿನದರ ಸಾಲಿನಲ್ಲಿದೆ. ಹಾಗಾಗಿ ನಮಗೆ ಅವರ ಉದ್ಯಾನದ ನಕಲು ಬೇಡ. ನದಿ, ನೆಲ, ಊರು ಮೂರನ್ನೂ ಒಟ್ಟಿಗೆ ಯೋಜನೆಯಲ್ಲಿ ಕೂರಿಸಿದ ಅವರ ಕ್ರಮ ಬೇಕು. ಕಾಗದ ಕಾರ್ಖಾನೆಯ ಕೊಳಚೆಯನ್ನು ವರ್ಷಗಟ್ಟಲೆ ಹೊತ್ತ ಭದ್ರಾ ನದಿಯ ಬಗ್ಗೆ ಪುನಶ್ಚೇತನದ ಸಭೆಗಳಲ್ಲಿ ಮಾತು ಬಂದದ್ದು ನಾನು ಓದಿಲ್ಲ.

ಯೋಜನೆ ಮುಗಿದ ಮೇಲೆ ಒಂದು ಊರಿಗೆ ಏನಾಗುತ್ತದೆ ಎನ್ನುವುದನ್ನು ಮಾಸ್ತಿಕಟ್ಟೆಯ ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿ) ಕಾಲೊನಿ ಚಿಕ್ಕ ಅಳತೆಯಲ್ಲಿ ತೋರಿಸುತ್ತದೆ. ಅಣೆಕಟ್ಟು, ಸುರಂಗದ ಕಾಮಗಾರಿಯ ಕಾಲದಲ್ಲಿ ಇಲ್ಲಿ ಶಾಲೆ, ಆಸ್ಪತ್ರೆ, ಅಂಗಡಿ ಸಾಲು ಎಲ್ಲಕ್ಕೂ ಜನವಿತ್ತು. ಕಾಮಗಾರಿ ಮುಗಿಯುತ್ತ ಬಂದಂತೆ ಒಬ್ಬೊಬ್ಬರೇ ವರ್ಗವಾಗಿ ಹೋದರು. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಇದೊಂದು. ಬಾಗಿಲು ಹಾಕಿದ ಕ್ವಾರ್ಟರ್ಸ್ ಇಲ್ಲಿ ಬಹಳ ದಿನ ತಾಳುವುದಿಲ್ಲ. ಗೋಡೆಗೆ ಪಾಚಿ ಹತ್ತುತ್ತದೆ, ಮರದ ಚೌಕಟ್ಟಿಗೆ ಗೆದ್ದಲು ಹಿಡಿಯುತ್ತದೆ, ಕಿಟಕಿಯ ಸರಳು ತುಕ್ಕು ಬಿಟ್ಟು ಕೆಂಪು ನೀರು ಇಳಿಸುತ್ತದೆ. ವಿದ್ಯುತ್ ಮಾತ್ರ ಹುಟ್ಟುತ್ತಲೇ ಇದೆ. ಉತ್ಪಾದನೆ ನಿಲ್ಲದೆಯೂ ಊರು ಬಡವಾಗಬಹುದು ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ವಿಐಎಸ್‌ಎಲ್‌ಗೆ ಹೊಸ ಯಂತ್ರ ಬಂದು ಅರ್ಧದಷ್ಟೇ ಜನ ಸಾಕಾದರೆ ಭದ್ರಾವತಿಯ ಗತಿಯೂ ಇದೇ ಆದೀತು.

ಇಷ್ಟು ಹೇಳಿದ ಮೇಲೂ, ವಿಐಎಸ್‌ಎಲ್ ಮುಚ್ಚಬೇಕು ಎನ್ನುವವರ ಜೊತೆ ನಾನಿಲ್ಲ. ವಿಶೇಷ ಉಕ್ಕು, ಮಿಶ್ರಲೋಹದ ಉಕ್ಕು ಮಾಡುವ ಕಸುಬು ಆ ಊರಿನ ಕೈಯಲ್ಲಿ ತಲೆಮಾರುಗಳಿಂದ ಉಳಿದಿದೆ. ಹುತ್ತಾ ಕಾಲೊನಿ, ಜನ್ನಾಪುರ, ನ್ಯೂ ಟೌನಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಮಾತಾಡುವ ಮನೆಗಳು ಒಂದೇ ಬೀದಿಯಲ್ಲಿ ಬೆಳೆದವು. ಅಂಥ ಕಸುಬು, ಅಂಥ ಬೀದಿ ಹಣ ಸುರಿದರೂ ಬೇರೆ ಕಡೆ ಹುಟ್ಟುವುದಿಲ್ಲ. 1965ರಿಂದ ಇಡೀ ಮಲೆನಾಡಿಗೆ ಕೃಷಿರಂಗ, ಚಿತ್ರಗೀತೆ, ಪ್ರದೇಶ ಸಮಾಚಾರ ತಲುಪಿಸಿದ ಆಕಾಶವಾಣಿಯೂ ಆ ಊರಿನದೇ. ಗುತ್ತಿಗೆ ಕಾರ್ಮಿಕರ ಧರಣಿ ನ್ಯಾಯದ್ದು, ಬಾರ್ ಮಿಲ್ ತಿರುಗಿದ್ದು ಒಳ್ಳೆಯದೇ ಆಯಿತು. ಆದರೆ ಒಂದು ಗಿರಣಿ ತಿರುಗಿದ್ದನ್ನು ನಗರದ ಪುನಶ್ಚೇತನ ಎಂದು ಕರೆಯಲಾಗದು. ಎಂಪಿಎಂ ಕೂಡ ಉಳಿಯಬೇಕು ಎಂದು ಮಾತ್ರ ಹೇಳಲಾರೆ. ಆ ಜಾಗದಲ್ಲಿ ಯಾವ ಉದ್ಯಮ ಬಂದರೂ ಬರಲಿ, ಅದು ಅಕೇಶಿಯಾ ತಿನ್ನುವ ಉದ್ಯಮ ಆಗಬಾರದು.

ಲಿಂಗನಮಕ್ಕಿಯ ಮುಳುಗಡೆಯಲ್ಲಿ ಎದ್ದು ಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿ ಜಮೀನಿನ ಹಕ್ಕಿಗಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಆದರೆ ನೆಡುತೋಪಿಗೆ ಮತ್ತೆ 40 ವರ್ಷ ಕೊಡಲು ಒಂದು ಆದೇಶ ಸಾಕಾಯಿತು. ವಿಐಎಸ್‌ಎಲ್‌ಗೆ ಸಾವಿರಾರು ಕೋಟಿಯ ಯೋಜನಾ ವರದಿ ಸಿದ್ಧವಾಗುವುದಾದರೆ ಅದು ದೆಹಲಿ, ಬೆಂಗಳೂರಿನಲ್ಲಿ ಮಾತ್ರ ಓಡಾಡದೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಗ್ರಾಮಸಭೆಗಳಿಗೂ ಬರಲಿ. ನೀರಿಗೆ ಏನು ಕೊಡುತ್ತೀರಿ, ಗುಡ್ಡಗಳನ್ನು ಯಾವಾಗ ಬಿಟ್ಟುಕೊಡುತ್ತೀರಿ, ಅಕೇಶಿಯಾ ಕಡಿದ ಜಾಗದಲ್ಲಿ ಯಾವ ಮರ ಏಳಲು ಬಿಡುತ್ತೀರಿ ಎಂದು ಇಲ್ಲಿಯವರು ಕೇಳುತ್ತಾರೆ. ವರದಿ ಬರೆಯುವವರು ಉತ್ತರ ಸಿದ್ಧ ಮಾಡಿಕೊಂಡೇ ಮಲೆನಾಡಿಗೆ ಬರಲಿ.