ಮುಚ್ಚಿದ್ದಲ್ಲ, ಮುಚ್ಚಿಸಿದ್ದು

ಕಾರ್ಖಾನೆಯೊಂದಕ್ಕೆ ಬೀಗ ಬಿದ್ದರೆ ನಾವು ಸಾಮಾನ್ಯವಾಗಿ 'ಕಾರ್ಖಾನೆ ಮುಚ್ಚಿತು' ಎನ್ನುತ್ತೇವೆ, ಅದು ತಾನಾಗಿಯೇ ಬಾಗಿಲು ಹಾಕಿಕೊಂಡಿತೇನೋ ಎಂಬಂತೆ. ಪತ್ರಿಕೆಗಳು ಹಾಗೆಯೇ ಬರೆಯುತ್ತವೆ, ಮಂತ್ರಿಗಳು ಹಾಗೆಯೇ ಉತ್ತರಿಸುತ್ತಾರೆ, ಕೊನೆಗೆ ಕೆಲಸ ಕಳೆದುಕೊಂಡವರ ಬಾಯಲ್ಲೂ ಅದೇ ಮಾತು ಬರುತ್ತದೆ. ಆದರೆ 'ಮುಚ್ಚಿಸಿದರು' ಎಂದು ಹೇಳಿ ನೋಡಿ. ಆಗ ಪ್ರಶ್ನೆಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಯಾರು ಮುಚ್ಚಿಸಿದರು? ಯಾಕೆ? ಯಾರ ಲಾಭಕ್ಕಾಗಿ?

ಈ ಒಂದು ಕ್ರಿಯಾಪದವನ್ನು ಬದಲಿಸಲು ಇಡೀ ಪುಸ್ತಕವನ್ನೇ ಬರೆದ ರಾಜಕಾರಣಿಯೊಬ್ಬರಿದ್ದರು. ಅವರ ಹೆಸರು ಎಲೆನ್ ವಿಲ್ಕಿನ್‌ಸನ್. 1935ರಿಂದ 1947ರಲ್ಲಿ ತೀರಿಕೊಳ್ಳುವವರೆಗೂ ಅವರು ಇಂಗ್ಲೆಂಡಿನ ಜಾರೋ ಕ್ಷೇತ್ರದ ಲೇಬರ್ ಪಕ್ಷದ ಸಂಸದೆಯಾಗಿದ್ದರು. ತಮ್ಮ ಕ್ಷೇತ್ರದ ಬಗ್ಗೆ 1939ರಲ್ಲಿ ಅವರು ಪ್ರಕಟಿಸಿದ ಕೃತಿ 'ದಿ ಟೌನ್ ದಟ್ ವಾಸ್ ಮರ್ಡರ್ಡ್', ಅಂದರೆ 'ಕೊಲೆಯಾದ ಪಟ್ಟಣ'. ರಾಜಕಾರಣಿಗಳು ತಮ್ಮ ಕ್ಷೇತ್ರದ ಬಗ್ಗೆ ಬರೆಯುವುದು ಹೊಸತೇನಲ್ಲ. ಆದರೆ ಅಂತಹ ಬರಹಗಳಲ್ಲಿ ಬಹುಪಾಲು ತಾವು ಹಾಕಿಸಿದ ರಸ್ತೆ, ತಂದ ಅನುದಾನಗಳ ಪಟ್ಟಿಯೇ ಇರುತ್ತದೆ. ಈ ಪುಸ್ತಕದಲ್ಲಿ ಹೇಳಿಕೊಳ್ಳಲು ಅಂತಹ ಗೆಲುವೇ ಇಲ್ಲ. ಸೋತ ಹೋರಾಟವೊಂದರ ನಂತರ ಬರೆದ ದೋಷಾರೋಪ ಪಟ್ಟಿ ಇದು.

ವಿಲ್ಕಿನ್‌ಸನ್ ನಮ್ಮ ದೇಶಕ್ಕೆ ಪೂರ್ತಿ ಅಪರಿಚಿತರೇನಲ್ಲ. ಇಂಡಿಯಾ ಲೀಗ್ 1932ರಲ್ಲಿ ಭಾರತಕ್ಕೆ ಕಳಿಸಿದ ನಾಲ್ವರ ನಿಯೋಗದಲ್ಲಿ ವಿ.ಕೆ. ಕೃಷ್ಣ ಮೆನನ್ ಅವರೊಂದಿಗೆ ಇವರೂ ಇದ್ದರು. ಆ ನಿಯೋಗದ ವರದಿ 1934ರಲ್ಲಿ ಬರ್ಟ್ರಂಡ್ ರಸೆಲ್ ಅವರ ಮುನ್ನುಡಿಯೊಂದಿಗೆ ಪ್ರಕಟವಾಯಿತು. 1891ರಲ್ಲಿ ಮ್ಯಾಂಚೆಸ್ಟರ್‌ನ ದುಡಿಯುವ ಕುಟುಂಬವೊಂದರಲ್ಲಿ ಹುಟ್ಟಿದ ಅವರು ವಿಶ್ವವಿದ್ಯಾಲಯದಲ್ಲಿ ಓದಿದ್ದು ಇತಿಹಾಸ. ಆಮೇಲೆ ಕಾರ್ಮಿಕ ಸಂಘದ ಸಂಘಟಕಿಯಾದರು, 1926ರ ಸಾರ್ವತ್ರಿಕ ಮುಷ್ಕರದ ಹಿನ್ನೆಲೆಯಲ್ಲಿ 'ಕ್ಲ್ಯಾಶ್' ಎಂಬ ಕಾದಂಬರಿಯನ್ನೂ ಬರೆದರು. ಇತಿಹಾಸಕಾರ್ತಿ, ಸಂಘಟಕಿ, ಕಾದಂಬರಿಗಾರ್ತಿ ಈ ಮೂವರೂ ಜಾರೋ ಪುಸ್ತಕದಲ್ಲಿ ಸೇರಿದ್ದಾರೆ. ಪುಸ್ತಕದ ಬಲವೂ ಕೊರತೆಯೂ ಆ ಕೂಟದಿಂದಲೇ ಬಂದಿವೆ.

ಜಾರೋ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಟೈನ್ ನದಿಯ ದಡದಲ್ಲಿರುವ ಪಟ್ಟಣ. ವಿಲ್ಕಿನ್‌ಸನ್ ಕತೆಯನ್ನು ಶುರು ಮಾಡುವುದು ಕಾರ್ಖಾನೆ ಮುಚ್ಚಿದ ದಿನದಿಂದಲ್ಲ. ಎಂಟನೆಯ ಶತಮಾನದಲ್ಲಿ ಬೀಡ್ ಎಂಬ ಸನ್ಯಾಸಿ ವಿದ್ವಾಂಸ ಬಾಳಿದ ಮಠದಿಂದ ಹಿಡಿದು, ಕಲ್ಲಿದ್ದಲ ಗಣಿಗಳ ಕಾಲವನ್ನು ದಾಟಿ ಅವರು ಹಡಗು ಕಟ್ಟೆಗೆ ಬರುತ್ತಾರೆ. ಗಣಿ ಕಾರ್ಮಿಕರು ಸಂಘ ಕಟ್ಟಲು ಹೋದಾಗ ಏನಾಯಿತು ಎನ್ನುವುದಕ್ಕೆ 1832ರ ಒಂದು ಘಟನೆ ಸಾಕು. ಮ್ಯಾಜಿಸ್ಟ್ರೇಟರೊಬ್ಬರ ಸಾವಿನ ಪ್ರಕರಣದಲ್ಲಿ ವಿಲಿಯಂ ಜಾಬ್ಲಿಂಗ್ ಎಂಬ ಗಣಿ ಕಾರ್ಮಿಕನನ್ನು ಗಲ್ಲಿಗೇರಿಸಿ, ಅವನ ಶವವನ್ನು ಕಬ್ಬಿಣದ ಪಂಜರದಲ್ಲಿಟ್ಟು ಜಾರೋ ಬಳಿಯ ನದೀತೀರದಲ್ಲಿ ಊರವರ ಕಣ್ಣಿಗೆ ಬೀಳುವಂತೆ ತೂಗುಹಾಕಲಾಯಿತು.

1850ರ ದಶಕದ ಆರಂಭದಲ್ಲಿ ಚಾರ್ಲ್ಸ್ ಮಾರ್ಕ್ ಪಾಮರ್ ಇಲ್ಲಿ ಹಡಗು ಕಟ್ಟೆ ತೆರೆದರು. 1852ರಲ್ಲಿ ಇಲ್ಲಿಂದ ನೀರಿಗಿಳಿದ 'ಜಾನ್ ಬೋವ್ಸ್' ಎಂಬ ಕಬ್ಬಿಣದ ಉಗಿಹಡಗು ಲಂಡನ್ನಿಗೆ ಕಲ್ಲಿದ್ದಲು ಸಾಗಿಸುವ ವ್ಯಾಪಾರದ ರೀತಿಯನ್ನೇ ಬದಲಿಸಿತು. ಪಾಮರ್ ಕಾರ್ಖಾನೆಯ ಒಡೆಯರು. 1875ರಲ್ಲಿ ಪಟ್ಟಣದ ಮೊದಲ ಮೇಯರ್ ಕೂಡ ಅವರೇ ಆದರು, ಸಂಸತ್ ಸದಸ್ಯರೂ ಆದರು. ಕೆಲವೇ ಸಾವಿರ ಜನರಿದ್ದ ಊರು 1920ರ ದಶಕದ ಹೊತ್ತಿಗೆ ಸುಮಾರು 35 ಸಾವಿರಕ್ಕೆ ಬೆಳೆಯಿತು. ಆದರೆ ಆ ಊರಿನ ಕೂಲಿ, ಅಂಗಡಿ, ಆಡಳಿತ ಎಲ್ಲವೂ ಒಂದೇ ಕಂಬಕ್ಕೆ ಕಟ್ಟಿದ ಹಗ್ಗಗಳಾಗಿದ್ದವು. ಉದಾರಿ ಎಂದು ಹೊಗಳಿಸಿಕೊಂಡ ಒಡೆಯರ ಕಾಲದಲ್ಲೂ ಕಾರ್ಮಿಕರ ಮನೆಗಳು ಕಿಕ್ಕಿರಿದಿದ್ದವು, ರೋಗರುಜಿನಗಳು ಹೆಚ್ಚಾಗಿದ್ದವು. ವಿಲ್ಕಿನ್‌ಸನ್ ಈ ಹಳೆಯ ವೈಭವಕ್ಕೆ ಮರುಳಾಗುವುದಿಲ್ಲ. ಹಾಳಾದ ಊರಿನ ಪರ ಮಾತನಾಡುವವರು ಸಾಮಾನ್ಯವಾಗಿ 'ಆ ಕಾಲ ಎಂಥದ್ದು!' ಎಂದು ನಿಟ್ಟುಸಿರು ಬಿಡುತ್ತಾರೆ. ಲಾಭಕ್ಕಾಗಿ ಹುಟ್ಟಿಸಿದ ಊರನ್ನು ಲಾಭಕ್ಕಾಗಿಯೇ ಬಿಸಾಡಲಾಯಿತು ಎಂಬುದು ಈ ಪುಸ್ತಕದ ವಾದ.

ಕೊಲೆ ಎಂಬ ಮಾತು ಬರುವುದು ಇದರ ನಂತರ. ಮೊದಲ ಮಹಾಯುದ್ಧದ ನಂತರ ಹಡಗುಗಳ ಬೇಡಿಕೆ ಕುಸಿಯಿತು. 1930ರಲ್ಲಿ ಹಡಗು ಕಟ್ಟುವ ಕಂಪೆನಿಗಳು ತಾವೇ ಸೇರಿ 'ನ್ಯಾಷನಲ್ ಶಿಪ್‌ಬಿಲ್ಡರ್ಸ್ ಸೆಕ್ಯೂರಿಟಿ' ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು. 'ಹೆಚ್ಚುವರಿ' ಹಡಗು ಕಟ್ಟೆಗಳನ್ನು ಕೊಂಡು ನೆಲಸಮ ಮಾಡುವುದೇ ಅದರ ಕೆಲಸ. ಸಾಲದಲ್ಲಿ ಮುಳುಗಿದ್ದ ಪಾಮರ್ ಕಟ್ಟೆಯಿಂದ ಕೊನೆಯ ಹಡಗು 1932ರಲ್ಲಿ ನೀರಿಗಿಳಿಯಿತು. 1934ರಲ್ಲಿ ಆ ಸಂಸ್ಥೆ ಕಟ್ಟೆಯನ್ನು ಕೊಂಡು, ಮುಂದಿನ 40 ವರ್ಷ ಅಲ್ಲಿ ಯಾರೂ ಹಡಗು ಕಟ್ಟಕೂಡದು ಎಂಬ ಷರತ್ತು ಹಾಕಿತು. ಇಲ್ಲಿ ಷರತ್ತನ್ನು ಗಮನಿಸಬೇಕು. ನಷ್ಟದಿಂದ ನಿಂತ ಕಾರ್ಖಾನೆ ಇಂದಲ್ಲ ನಾಳೆ ಮತ್ತೆ ತೆರೆಯಬಹುದು. ಷರತ್ತು ಹಾಕಿ ಮುಚ್ಚಿಸಿದ್ದಕ್ಕೆ ಆ ಆಸೆಯೂ ಇಲ್ಲ. ಆಮೇಲೆ ಅದೇ ಜಾಗದಲ್ಲಿ ಆಧುನಿಕ ಉಕ್ಕಿನ ಕಾರ್ಖಾನೆ ತೆರೆಯುವ ಯೋಜನೆ ಬಂದಾಗ ಉಕ್ಕು ಉದ್ಯಮಿಗಳ ಒಕ್ಕೂಟ ಅದಕ್ಕೆ ಅಡ್ಡ ನಿಂತಿತು. 1936ರಲ್ಲಿ ದೂರು ಹೇಳಿಕೊಳ್ಳಲು ಹೋದ ನಿಯೋಗಕ್ಕೆ ವಾಣಿಜ್ಯ ಮಂತ್ರಿ ವಾಲ್ಟರ್ ರನ್ಸಿಮನ್ ಕೊಟ್ಟ ಉತ್ತರದ ಸಾರ ಇಷ್ಟೇ: ಜಾರೋ ತನ್ನ ಉದ್ಧಾರವನ್ನು ತಾನೇ ನೋಡಿಕೊಳ್ಳಬೇಕು.

ಬೇಡಿಕೆ ಕುಸಿದಾಗ ಯಾವುದೋ ಒಂದು ಕಟ್ಟೆ ಮುಚ್ಚಲೇಬೇಕಿತ್ತಲ್ಲ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಟ್ಟೆಯನ್ನು ಮಾರಿದವರಿಗೆ ಬೆಲೆ ಸಿಕ್ಕಿತು, ಉಳಿದ ಕಂಪೆನಿಗಳಿಗೆ ಪೈಪೋಟಿ ತಪ್ಪಿತು. ದುಡಿದವರಿಗೆ ಸಿಕ್ಕಿದ್ದೇನು? ಊರಿನ ಭವಿಷ್ಯ ನಿರ್ಧಾರವಾದ ಕೋಣೆಯಲ್ಲಿ ಊರಿನವರಿಗೆ ಜಾಗವೇ ಇರಲಿಲ್ಲ. ವಿಲ್ಕಿನ್‌ಸನ್ ಅವರ ವಾದ ಗಟ್ಟಿಯಾಗಿ ನಿಲ್ಲುವುದು ಇಲ್ಲಿಯೇ.

1936ರ ಅಕ್ಟೋಬರ್ 5ರಂದು 200 ಮಂದಿ ನಿರುದ್ಯೋಗಿಗಳು ಜಾರೋದಿಂದ ಲಂಡನ್ನಿಗೆ ನಡೆದು ಹೊರಟರು. ಹನ್ನೊಂದು ಸಾವಿರಕ್ಕೂ ಹೆಚ್ಚು ಸಹಿಗಳಿದ್ದ ಮನವಿ ಓಕ್ ಮರದ ಪೆಟ್ಟಿಗೆಯಲ್ಲಿ ಅವರ ಜೊತೆಗಿತ್ತು. ಸುಮಾರು 450 ಕಿಲೋಮೀಟರ್ ದಾರಿ ಸವೆಸಿ ಅವರು ತಿಂಗಳ ಕೊನೆಯ ದಿನ ಲಂಡನ್ ತಲುಪಿದರು. ಸಂಸದೆಯೂ ದಾರಿಯ ಬಹುಭಾಗ ಅವರೊಂದಿಗೆ ನಡೆದರು. ಲೆಸ್ಟರ್‌ನಲ್ಲಿ ಚಮ್ಮಾರರು ರಾತ್ರಿಯಿಡೀ ಕೂತು ಅವರ ಬೂಟುಗಳನ್ನು ಹೊಲಿದುಕೊಟ್ಟರು. ಆದರೆ ಡರ್ಹಮ್‌ನ ಬಿಷಪ್ ಈ ನಡಿಗೆಯನ್ನು ಖಂಡಿಸಿದರು. ವಿಲ್ಕಿನ್‌ಸನ್ ಅವರ ಸ್ವಂತ ಪಕ್ಷದ ನಾಯಕತ್ವವೂ ಬೆಂಬಲಕ್ಕೆ ನಿಲ್ಲಲಿಲ್ಲ, ಕಾರ್ಮಿಕ ಸಂಘಗಳ ಕೇಂದ್ರ ಮಂಡಳಿಯೂ ದೂರ ಸರಿಯಿತು. ಚೆಸ್ಟರ್‌ಫೀಲ್ಡ್‌ನಲ್ಲಿ ಊಟ ಹಾಕಿದವರು ಎದುರು ಪಕ್ಷದವರು! ನವೆಂಬರ್ 4ರಂದು ವಿಲ್ಕಿನ್‌ಸನ್ ಮನವಿಯನ್ನು ಸಂಸತ್ತಿಗೆ ಸಲ್ಲಿಸಿದರು. ಪ್ರಧಾನಿ ಸ್ಟ್ಯಾನ್ಲಿ ಬಾಲ್ಡ್ವಿನ್ ನಡೆದು ಬಂದವರನ್ನು ಭೇಟಿಯಾಗಲಿಲ್ಲ. ಸದನ ಕೆಲವು ನಿಮಿಷ ಮಾತಾಡಿ ಬೇರೆ ವಿಷಯಕ್ಕೆ ಹೋಯಿತು. ಊರಿಗೆ ಮರಳಿದವರಿಗೆ, ನಡಿಗೆಯ ದಿನಗಳಲ್ಲಿ ಕೆಲಸಕ್ಕೆ ಸಿಗುತ್ತಿರಲಿಲ್ಲ ಎಂಬ ಕಾರಣ ಹೇಳಿ ನಿರುದ್ಯೋಗ ಭತ್ಯೆಯನ್ನೂ ಕಡಿತ ಮಾಡಲಾಯಿತು.

ಇಂತಹ ಘಟನೆಯನ್ನು ಕಣ್ಣೀರಿನ ಕತೆಯಾಗಿ ಬರೆಯುವುದು ಸುಲಭವಿತ್ತು. ವಿಲ್ಕಿನ್‌ಸನ್ ಆ ಹಾದಿ ಹಿಡಿಯಲಿಲ್ಲ. ಜಾರೋದ ಕಷ್ಟ ಜಾರೋಕ್ಕೆ ಸೀಮಿತವಲ್ಲ, ಇಡೀ ದೇಶದ ರೋಗದ ಲಕ್ಷಣ ಎನ್ನುವುದು ಅವರ ನಿಲುವು. ಕರುಣೆಯನ್ನು ಕೇಳಲು ಊರಿನ ದಾರಿದ್ರ್ಯವನ್ನು ತೋರಿಸಬೇಕಾಗುತ್ತದೆ, ಲೆಕ್ಕ ಕೇಳಲು ಒಡೆಯರ ಖಾತೆ ಪುಸ್ತಕವನ್ನು ತೆರೆಸಬೇಕಾಗುತ್ತದೆ. ಅವರು ಆರಿಸಿಕೊಂಡದ್ದು ಎರಡನೆಯದನ್ನು. ಆ ಕಾಲದಲ್ಲಿ ಜಾರೋಕ್ಕೆ ಕರುಣೆಯೂ ಬಂದಿತ್ತು. ಸರ್ರೇ ಪ್ರಾಂತ್ಯದ ಶ್ರೀಮಂತರು ಸರ್ ಜಾನ್ ಜಾರ್ವಿಸ್ ನೇತೃತ್ವದಲ್ಲಿ ಪಟ್ಟಣವನ್ನು 'ದತ್ತು' ಪಡೆದರು. ಟೈಟಾನಿಕ್‌ನ ಸೋದರಿ ಹಡಗಾದ ಒಲಿಂಪಿಕ್ ಅನ್ನು 1935ರಲ್ಲಿ ಒಡೆಯಲೆಂದು ಜಾರೋಕ್ಕೆ ತರಲಾಯಿತು. ಕೆಲವು ನೂರು ಜನರಿಗೆ ಕೆಲವು ಕಾಲ ಕೆಲಸ ಸಿಕ್ಕಿತು, ನಿಜ. ಆದರೆ ಹಡಗು ಕಟ್ಟುತ್ತಿದ್ದ ಕೈಗಳಿಗೆ ಹಡಗು ಒಡೆಯುವ ಕೆಲಸ ಕೊಟ್ಟು ಕೃತಜ್ಞತೆಯನ್ನು ನಿರೀಕ್ಷಿಸುವ ದಾನವನ್ನು ಏನೆಂದು ಕರೆಯಬೇಕು?

ಹಾಗಂತ ಪುಸ್ತಕ ದೋಷಮುಕ್ತವೇನಲ್ಲ. ಅದರ ದೊಡ್ಡ ಕೊರತೆ, ಊರಿನ ಪರವಾಗಿ ಮಾತನಾಡುವ ಭರದಲ್ಲಿ ಊರಿನವರ ಮಾತು ನೇರವಾಗಿ ಕೇಳುವುದು ಕಡಿಮೆಯಾದದ್ದು. ಕಂಪೆನಿಗಳ ವ್ಯವಹಾರ, ಸಂಘಗಳ ಚರಿತ್ರೆ, ಬಂಡವಾಳಶಾಹಿಯ ನಡೆ ವಿವರವಾಗಿ ಬರುತ್ತವೆ. ಸಂಜೆ ಬರಿಗೈಯಲ್ಲಿ ಮನೆಗೆ ಬಂದವನು ಏನು ಹೇಳಿದ, ಒಲೆ ಹಚ್ಚಬೇಕಾದವಳು ಏನು ಉತ್ತರಿಸಿದಳು ಎಂಬುದಕ್ಕೆ ಜಾಗ ಸಾಲದು. ನಡಿಗೆಗೆ ಆರಿಸಿದ 200 ಮಂದಿಯೂ ಗಂಡಸರು. ನಿರುದ್ಯೋಗದ ಮನೆಯನ್ನು ದಿನವೂ ತೂಗಿಸಿದ ಹೆಂಗಸರಿಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ಹೆಣ್ಣುಮಕ್ಕಳ ದುಡಿಮೆ, ಹಕ್ಕುಗಳ ಬಗ್ಗೆ ಜೀವನದುದ್ದಕ್ಕೂ ದನಿಯೆತ್ತಿದ ಲೇಖಕಿಯಿಂದ ಓದುಗರು ಇನ್ನೂ ಹೆಚ್ಚನ್ನು ನಿರೀಕ್ಷಿಸಿದರೆ ತಪ್ಪಲ್ಲ. ಇನ್ನೊಂದು ಮಾತು. 'ಕೊಲೆ' ಎಂಬ ಶೀರ್ಷಿಕೆ ಕೊಲೆಗಾರನನ್ನು ಬೆರಳು ಮಾಡಿ ತೋರಿಸಬಹುದೆಂಬ ಭರವಸೆ ಕೊಡುತ್ತದೆ. ಆದರೆ ಒಂದೇ ಕಂಪೆನಿಯ ಮೇಲೆ ನಿಂತ ಊರಿನ ದೌರ್ಬಲ್ಯ, ಆ ಕಂಪೆನಿಯದೇ ಕೆಟ್ಟ ಹಣಕಾಸು ನಿರ್ವಹಣೆ ಇವೂ ಅವರ ಪುಟಗಳಲ್ಲೇ ಇವೆ. ಶೀರ್ಷಿಕೆಗಿಂತ ಪುಸ್ತಕವೇ ಹೆಚ್ಚು ಪ್ರಾಮಾಣಿಕ.

ಹಾಗಾದರೆ ಅವರ ದನಿಯಿಂದ ಆದದ್ದೇನು? ಜಾರೋಕ್ಕೆ ದೊಡ್ಡ ಪ್ರಮಾಣದಲ್ಲಿ ಕೆಲಸ ಮರಳಿದ್ದು ಮನವಿಯಿಂದಲ್ಲ, ಯುದ್ಧದ ಸಿದ್ಧತೆಯಿಂದ. ಇದು ಕಹಿ ಸತ್ಯ. ಆದರೆ ಬಡವರನ್ನು ಕಂತಿನ ವ್ಯಾಪಾರದ ಮೋಸದಿಂದ ಕಾಪಾಡುವ 1938ರ ಕಾನೂನು ವಿಲ್ಕಿನ್‌ಸನ್ ತಂದ ಮಸೂದೆಯ ಫಲ. 1945ರಲ್ಲಿ ಅವರು ಶಿಕ್ಷಣ ಮಂತ್ರಿಯಾದರು. ಉದ್ಯಮಗಳು ಎಲ್ಲಿ ನೆಲೆಯೂರಬೇಕು ಎಂಬುದರಲ್ಲಿ ಸರಕಾರಕ್ಕೂ ಹೊಣೆಯಿದೆ ಎಂದು ಒಪ್ಪಿಕೊಂಡ ಕಾನೂನು ಬ್ರಿಟನ್ನಿನಲ್ಲಿ ಬಂದದ್ದೂ ಅದೇ ವರ್ಷ. ಅದನ್ನು ಒಬ್ಬರ ಸಾಧನೆ ಎನ್ನಲಾಗದು. 'ಊರು ತನ್ನ ಉದ್ಧಾರ ತಾನೇ ನೋಡಿಕೊಳ್ಳಲಿ' ಎಂದು ಮಂತ್ರಿಯೊಬ್ಬರು ಸಲೀಸಾಗಿ ಹೇಳಿ ಪಾರಾಗುವ ಕಾಲಕ್ಕೆ ತಡೆ ಹಾಕಿದವರಲ್ಲಿ ಜಾರೋದ ಆ ಇನ್ನೂರು ಜನರೂ ಅವರ ಸಂಸದೆಯೂ ಇದ್ದರು ಎನ್ನಲು ಮಾತ್ರ ಅಡ್ಡಿಯಿಲ್ಲ.

ಬೀಗ ಬಿದ್ದ ಊರಿನ ಪ್ರತಿನಿಧಿಗಳು ಇಂದೂ ಸದನಗಳಲ್ಲಿ ಎದ್ದು ನಿಲ್ಲುತ್ತಾರೆ. ಪ್ಯಾಕೇಜ್ ಕೇಳುತ್ತಾರೆ, ಭರವಸೆ ಪಡೆದು ಕೂರುತ್ತಾರೆ. ಭರವಸೆ ಬೇಡವೆಂದಲ್ಲ. ಆದರೆ ಯಾರು ಕೊಂಡರು, ಎಷ್ಟಕ್ಕೆ ಕೊಂಡರು, ಯಾವ ಷರತ್ತು ಹಾಕಿದರು, ಆ ಕೋಣೆಯಲ್ಲಿ ಯಾರು ಕೂತಿದ್ದರು ಎಂದು ಕೇಳದ ಪ್ರತಿನಿಧಿ ಊರಿನ ಪರ ಮಾತನಾಡಿದಂತೆ ಕಂಡರೂ ಮುಚ್ಚಿಸಿದವರ ಭಾಷೆಯಲ್ಲೇ ಮಾತನಾಡುತ್ತಿರುತ್ತಾರೆ. ಕೊರತೆಗಳಿದ್ದರೂ ಈ ಪುಸ್ತಕವನ್ನು ಇಂದು ಓದಬೇಕಾದದ್ದು ಈ ಕಾರಣಕ್ಕೆ.